ಆ-ವಾಂಗ್ ನೀರುಣಿಸಿದ ಕಾಗದದ ಹೂ

ನಮ್ಮ ಓಣಿಯಲ್ಲಿ ಗಿಡವಿಲ್ಲದ ಬಾಲ್ಕನಿಯೆಂದರೆ ಹಲ್ಲಿಲ್ಲದ ಬಾಯಿಯಿದ್ದಂತೆ. ಎದುರಿಗೆ ಯಾರೂ ಏನೂ ಅನ್ನುವುದಿಲ್ಲ. ನೋಡುವುದು ಮಾತ್ರ ಅಲ್ಲಿಗೇ. ತೈನಾನ್ ನಗರದ ಹಳೇ ಪೇಟೆಯ ಓಣಿ ನಮ್ಮದು. ಎರಡು ಸ್ಕೂಟರ್ ಎದುರುಬದುರಾದರೆ ಒಂದು ಯಾರದಾದರೂ ನಡುಮನೆಯೊಳಗೆ ಹೋಗಿ ದಾರಿ ಬಿಡಬೇಕು. ಆದರೂ ಜನ ಮೆಟ್ಟಿಲ ಮೇಲೆ, ಕಿಟಕಿಯ ಕಬ್ಬಿಣದ ಜಾಲರಿಯ ಮೇಲೆ, ಕೆಟ್ಟುಹೋದ ಅನ್ನದ ಕುಕ್ಕರಿನೊಳಗೆ ಕೂಡ ಗಿಡ ಬೆಳೆಸಿದ್ದರು. ಬೋಳಾಗಿದ್ದದ್ದು ನನ್ನ ಮೀನುಗಂಜಿ ಅಂಗಡಿಯ ಮೇಲಿನ ಬಾಲ್ಕನಿ ಒಂದೇ. ಅದರ ಯಜಮಾನ ಚುವಾಂಗ್ ಶುಯ್-ವಾಂಗ್. ಓಣಿಗೆಲ್ಲ ಆ-ವಾಂಗ್.

ಅವನು ಹುಟ್ಟಿದಾಗ ಜೋಯಿಸರು ಕೂಸಿನ ಜಾತಕದಲ್ಲಿ ನೀರಿನ ಅಂಶ ಕಡಿಮೆ ಎಂದರಂತೆ. ಅದಕ್ಕೇ ಅಪ್ಪ ‘ನೀರಿನ ಸಮೃದ್ಧಿ’ ಎಂದು ಅರ್ಥ ಬರುವ ಹೆಸರಿಟ್ಟ. ಹೆಸರು ಕೆಲಸ ಮಾಡಿತು, ಬೇಕಾದ್ದಕ್ಕಿಂತ ತುಸು ಹೆಚ್ಚೇ ಮಾಡಿತು. ತಂದ ಗಿಡಕ್ಕೆ ಆ-ವಾಂಗ್ ವಾರಗಟ್ಟಲೆ ನೀರು ಹಾಕುವುದನ್ನೇ ಮರೆಯುತ್ತಿದ್ದ. ನೆನಪಾದ ದಿನ ಹಿಂದಿನ ಬಾಕಿಯನ್ನೆಲ್ಲ ಒಟ್ಟಿಗೆ ಸುರಿಯುತ್ತಿದ್ದ. ಆ ನೀರು ಕುಂಡ ದಾಟಿ, ಬಾಲ್ಕನಿ ದಾಟಿ, ನನ್ನ ಗಿರಾಕಿಗಳ ಬಟ್ಟಲಿಗೆ ಬಂದು ಬೀಳುತ್ತಿತ್ತು. ಮೇಲೆ ಗಿಡ ಸಾಯುತ್ತಿತ್ತು, ಕೆಳಗೆ ಗಂಜಿ ತೆಳ್ಳಗಾಗುತ್ತಿತ್ತು. ಮರುಭೂಮಿಯಲ್ಲಿ ಬದುಕುವ ಕಳ್ಳಿಗಿಡವೂ ಅವನ ಮನೆಯಲ್ಲಿ ಬದುಕಲಿಲ್ಲ.

ಸಂಜೆ ಕಸದ ಲಾರಿ ಹಾಡು ಹೇಳುತ್ತ ಬರುವಾಗ ಇಡೀ ಓಣಿ ಚೀಲ ಹಿಡಿದು ಹೊರಗೆ ನಿಲ್ಲುತ್ತದೆ. ನಮ್ಮ ಓಣಿಯ ಸಂಸತ್ತು ಅದೇ. ಅಲ್ಲಿಯ ಸಭಾಪತಿ ಎದುರುಮನೆಯ ಲಾಯ್ ಅಜ್ಜಿ. ಅಜ್ಜಿಯ ಮನೆ ಮುಂದೆ ಆರ್ಕಿಡ್ ಗಿಡಗಳ ಸಾಲು. ಒಂದೊಂದರ ಹೂವೂ ಸೊಸೆಯನ್ನು ನೋಡುವ ಅತ್ತೆಯಂತೆ ಕತ್ತು ಎತ್ತಿಕೊಂಡಿರುತ್ತದೆ.

“ಏನಪ್ಪಾ ಆ-ವಾಂಗ್, ಚೀಲದಲ್ಲಿ ಇವತ್ತು ಯಾರ ಹೆಣ?” ಅಂದಳು ಅಜ್ಜಿ ಒಂದು ಸಂಜೆ.

“ಜರೀಗಿಡ,” ಅಂದ ಆ-ವಾಂಗ್, ಸಣ್ಣ ದನಿಯಲ್ಲಿ.

“ಪಾಪ. ಕೊನೇ ಮಾತು ಏನಾದ್ರೂ ಹೇಳ್ತಾ?”

ಎಲ್ಲರೂ ನಕ್ಕರು. ಕಸದ ಲಾರಿಯ ಡ್ರೈವರನೂ ನಕ್ಕ. ಅಷ್ಟು ಹೊತ್ತು ತಗ್ಗಿದ್ದ ಆ-ವಾಂಗನ ತಲೆ ತಟ್ಟನೆ ಮೇಲೆದ್ದಿತು. “ನೋಡ್ತಾ ಇರಜ್ಜಿ! ಬೇಸಿಗೆ ಬರೋ ಹೊತ್ತಿಗೆ ನನ್ನ ಬಾಲ್ಕನಿ ತುಂಬಾ ಕಾಗದದ ಹೂ ಬಿಡದೇ ಹೋದ್ರೆ ನನ್ನ ಹೆಸರು ಬದಲಾಯಿಸಿ ಕರಿ!”

“ಅದು ಯಾವಾಗಲೋ ಬದಲಾಯಿಸಿ ಆಯ್ತಲ್ಲೋ. ನೀನಿಲ್ಲದಾಗ ನಾವು ನಿನ್ನನ್ನ ಸ್ಮಶಾನ ಅಂತಲೇ ಕರೆಯೋದು.”

ಮಾರನೇ ದಿನವೇ ಅವನು ಕಾಗದದ ಹೂವಿನ, ಅಂದರೆ ಬೋಗನ್‌ವಿಲಿಯಾದ ಗಿಡ ತಂದ. ಕಡು ಗುಲಾಬಿ ಬಣ್ಣದ್ದು, ಮುಳ್ಳಿನದು, ಬೆಂಕಿಯಂಥ ಬಿಸಿಲಲ್ಲೂ ಬೆಳೆಯುವ ಜಾತಿ. ಆ-ವಾಂಗನನ್ನು ಎದುರಿಸುವ ಶಕ್ತಿ ಅದಕ್ಕೂ ಇರಲಿಲ್ಲ. ತಿಂಗಳೊಳಗೆ ಹೋಯಿತು.

ಆಡಿದ ಮಾತು ಉಳಿದುಕೊಂಡಿತ್ತಲ್ಲ. ಮೀಸೆ ಮೂಡಿದಾಗಿನಿಂದ ಮೀಸೆ ನರೆಯುವವರೆಗೆ ಕೊಡೆ ಕಾರ್ಖಾನೆಯಲ್ಲಿ ಬಟ್ಟೆ ಹೊಲಿದ ಮನುಷ್ಯ ಅವನು. ಕಾರ್ಖಾನೆ ಮುಚ್ಚಿದ ದಿನ ಬೇರೆಯವರು ಕಣ್ಣೀರು ತಂದರೆ ಇವನು ಉಳಿಕೆ ಬಟ್ಟೆಯ ಸುರುಳಿಗಳನ್ನೂ ಕೊಡೆಯ ಕಡ್ಡಿಗಳನ್ನೂ ತಂದು ಮಂಚದ ಕೆಳಗೆ ತುರುಕಿದ್ದ. ಬಾಗಿಲು ಹಾಕಿಕೊಂಡು ಕೂತ. ಗುಲಾಬಿ ಬಟ್ಟೆಯನ್ನು ಎಸಳಾಗಿ ಕತ್ತರಿಸಿ, ನಡುವೆ ಮಡಿಸಿ ಸಣ್ಣ ಹೊಲಿಗೆ ಹಾಕಿ, ದಾರ ಎಳೆದು ಸುಕ್ಕು ತಂದ. ಮೂರು ಎಸಳು ಕೂಡಿಸಿ ನಡುವೆ ಬಿಳಿ ನೂಲಿನ ಗಂಟು ಕೂರಿಸಿದ. ಹಸಿರು ಮಳೆಯಂಗಿಯಿಂದ ಎಲೆಗಳು. ನರಗಳಿಗೆ ಕಡುಹಸಿರು ದಾರ. ಕೆಲವು ಎಲೆಗಳ ಅಂಚನ್ನು ಉಗುರು ಕತ್ತರಿಯಿಂದ ಕಚ್ಚಿಸಿದ, ಹುಳ ತಿಂದಂತೆ ಕಾಣಲಿ ಎಂದು. ಕೊಡೆಯ ಕೋಲಿಗೆ ಕಂದು ಬಟ್ಟೆಯ ಪಟ್ಟಿ ಸುತ್ತಿ ಕಾಂಡ ಮಾಡಿದ, ಕಡ್ಡಿಗಳಿಗೆ ಸುತ್ತಿ ಕೊಂಬೆ ಮಾಡಿದ. ಕುಂಡದ ತುಂಬ ಒಣ ಮರಳು.

ಹೆಂಡತಿ ಪಿಕ್-ಹಾ ಬಾಗಿಲಲ್ಲಿ ನಿಂತು ನೋಡಿದಳು. “ಲೋಕದಲ್ಲಿ ಎಲ್ರೂ ಗಿಡ ನೆಟ್ಟು ಹೂ ಬಿಡಿಸ್ತಾರೆ. ನೀನು ಕೊಡೆ ನೆಟ್ಟು ಹೂ ಬಿಡಿಸ್ತಾ ಇದ್ದೀಯ.”

“ನೆರಳಿಗೆ ಎರಡೂ ಒಂದೇ ಅಲ್ವೇನೇ?” ಅಂದ ಆ-ವಾಂಗ್, ಬಾಯಲ್ಲಿ ಸೂಜಿ ಕಚ್ಚಿಕೊಂಡು.

ಕಾಗದದ ಹೂವನ್ನು ಬಟ್ಟೆಯಲ್ಲಿ ಹೊಲಿದಾಯಿತು. ಒಂದು ಮುಂಜಾನೆ ಬಾಲ್ಕನಿ ಗುಲಾಬಿ ಬಣ್ಣದಲ್ಲಿ ಧಗ್ ಎಂದಿತು. ಕೆಳಗೆ ನಿಂತು ನೋಡಿದ ಯಾರಿಗೂ ಅನುಮಾನ ಬರಲಿಲ್ಲ. ನನಗೂ ಬರಲಿಲ್ಲ, ಬಟ್ಟಲಿಗೆ ನೀರು ಬೀಳುವುದು ನಿಂತಿತ್ತು, ಅದೃಷ್ಟವನ್ನು ಅನುಮಾನಿಸುವ ಬುದ್ಧಿ ನನಗಿಲ್ಲ. ಇದೆಲ್ಲ ಪಿಕ್-ಹಾ ಆಮೇಲೆ ಹೇಳಿದ್ದು.

ಗಿಡವೆಂದ ಮೇಲೆ ನೀರು ಹಾಕಬೇಕಲ್ಲ? ಆ-ವಾಂಗ್ ಪ್ರತಿ ಬೆಳಿಗ್ಗೆ ಓಣಿ ತುಂಬಿರುವ ಹೊತ್ತು ನೋಡಿ ಬಾಲ್ಕನಿಗೆ ಬರುತ್ತಿದ್ದ. ಕೈಯಲ್ಲಿ ದೊಡ್ಡ ಝಾರಿ. ಖಾಲಿ ಝಾರಿ. ಅದನ್ನು ಎತ್ತಲಾರದವನಂತೆ ಎರಡೂ ಕೈಯಿಂದ ಎತ್ತಿ, ಸೊಂಟ ಬಗ್ಗಿಸಿ, ಗಿಡದ ಬುಡಕ್ಕೆ ಹಿಡಿದು, ಬಾಯಲ್ಲೇ ‘ಸುರ್ರ್’ ಎನ್ನುತ್ತಿದ್ದ. ಆಮೇಲೆ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದ. ಬೆವರು ಮಾತ್ರ ನಿಜವಾದದ್ದು.

ಲಾಯ್ ಅಜ್ಜಿಗೆ ನಿದ್ದೆ ಹಾರಿತು. ಇವಳ ಆರ್ಕಿಡ್ ಹೂವು ಬಾಡುತ್ತಿತ್ತು, ಉದುರುತ್ತಿತ್ತು. ಅವನ ಹೂವು ಬಾಡುವ ಮಾತೇ ಇಲ್ಲ. ಕಡೆಗೆ ಮಾನ ಬಿಟ್ಟು ಕೇಳಿದಳು. “ಅದಕ್ಕೆ ಏನು ಹಾಕ್ತೀಯೋ?”

ಆ-ವಾಂಗ್ ಗಲಿಬಿಲಿಗೊಂಡ. ಗೊಬ್ಬರದ ಒಂದು ಹೆಸರೂ ಅವನಿಗೆ ಗೊತ್ತಿರಲಿಲ್ಲ. “ಏನೂ ಹಾಕಲ್ಲಜ್ಜಿ. ದಿನಾ ಬೆಳಿಗ್ಗೆ ಸ್ವಲ್ಪ ಬೈತೀನಿ.”

“ಬೈತೀಯಾ?”

“ಹ್ಞೂಂ. ಪಿಕ್-ಹಾ ನನಗೆ ಬಯ್ಯೋ ಹಾಗೇ. ನಾಚಿಕೆಯಾಗಿ ಹೂ ಬಿಡುತ್ತೆ.”

ಮಾರನೇ ಬೆಳಿಗ್ಗೆ ನಾನು ಗಂಜಿಗೆ ಒಲೆ ಹೊತ್ತಿಸುತ್ತಿದ್ದೆ. ಎದುರಿಂದ ಕೇಳಿಬಂತು: “ಮೈಗಳ್ಳಿ! ತಿನ್ನೋಕೆ ಗೊತ್ತು, ಅರಳೋಕೆ ಗೊತ್ತಿಲ್ವಾ? ಮೇಲ್ಮನೆಯವನ ಗಿಡ ನೋಡಿ ಕಲಿ!” ವಾರದೊಳಗೆ ಇದು ಓಣಿಯ ವಾಡಿಕೆಯಾಯಿತು. ಎಡಗಡೆಯವರು ಗುಲಾಬಿಗೆ ಬೈದರೆ ಬಲಗಡೆಯವರು ಮೆಣಸಿನ ಗಿಡದ ಮೂರು ತಲೆಮಾರನ್ನು ಜಾಲಾಡಿದರು. ಅಂಚೆಯವನು ಕಾಗದ ಎಸೆದು ಓಡಿಹೋಗುತ್ತಿದ್ದ, ಎಲ್ಲ ಮನೆಯಲ್ಲೂ ಜಗಳ ನಡೆದಿದೆ ಎಂದುಕೊಂಡು.

ಅಷ್ಟರಲ್ಲಿ ಡೆಂಗಿ ಜ್ವರದ ಕಾಲ ಬಂತು. ಸೊಳ್ಳೆ ತನಿಖೆಗೆಂದು ಬಂದವಳು ಆರೋಗ್ಯ ಇಲಾಖೆಯ ಹೌ ಎಂಬ ಹುಡುಗಿ. ಕೈಯಲ್ಲಿ ಟಾರ್ಚು, ಉದ್ದ ಹಿಡಿಯ ಸೌಟು. ಹಿಂದೆ ನಮ್ಮ ವಾರ್ಡಿನ ಮುಖಂಡ ಕಾಂಗ್. ಕಾಂಗನಿಗೆ ಕಂಬದ ಮೇಲಿನ ಧ್ವನಿವರ್ಧಕವೆಂದರೆ ಪ್ರಾಣ. ಅವನ ಮನೆಯಲ್ಲಿ ಚಹಾ ಮುಗಿದರೂ ಅದು ವಾರ್ಡಿಗೆಲ್ಲ ಗೊತ್ತಾಗುತ್ತದೆ.

ಲಾಯ್ ಅಜ್ಜಿಯ ಕುಂಡದ ತಟ್ಟೆಗೆ ಹೌ ಸೌಟು ಅದ್ದಿ ಎತ್ತಿದಳು. “ಅಜ್ಜಿ, ಇದೇನು?”

“ಗೊಬ್ಬರ.”

“ಗೊಬ್ಬರ ಈಜ್ತಾ ಇದೆಯಲ್ಲಾ ಅಜ್ಜಿ?”

ಕಾಂಗ್ ಮುಂದೆ ಬಂದ. “ನಮ್ಮ ವಾರ್ಡಿನ ಸೊಳ್ಳೆಮರಿ ಅಲ್ಲ ಮೇಡಂ ಇವು. ಪಕ್ಕದ ವಾರ್ಡಿಂದ ಬಂದಿರೋವು. ಮುಖ ನೋಡಿದ್ರೇ ಗೊತ್ತಾಗುತ್ತೆ.”

ಹೌ ಮನೆಯಿಂದ ಮನೆಗೆ ಹೋದಳು. ಗುಲಾಬಿಯ ತಟ್ಟೆಯಲ್ಲಿ ಸೊಳ್ಳೆಮರಿ, ಮೆಣಸಿನ ಗಿಡದ ಡಬ್ಬಿಯಲ್ಲಿ ಸೊಳ್ಳೆಮರಿ, ಅನ್ನದ ಕುಕ್ಕರಿನಲ್ಲಂತೂ ಸೊಳ್ಳೆಗಳ ಕೂಡುಕುಟುಂಬ. ಅವಳು ಓಣಿಯ ನಡುವೆ ನಿಂತು ಹೇಳಿದಳು: “ಇನ್ನೊಂದ್ಸಲ ಬರ್ತೀನಿ. ಆಗ ಒಂದೇ ಒಂದು ಸೊಳ್ಳೆಮರಿ ಸಿಕ್ಕಿದ್ರೂ ಎಲ್ಲಾ ಕುಂಡನೂ ಲಾರಿಗೆ. ಎಲ್ಲಾ ಮನೆಯೊಳಗೂ ಸೊಳ್ಳೆ ಔಷಧಿ ಹೊಗೆ.”

ಓಣಿ ತಣ್ಣಗಾಯಿತು. ಲಾಯ್ ಅಜ್ಜಿಗೆ ಮಾತ್ರ ತಾನೊಬ್ಬಳೇ ಮುಳುಗುವುದು ಸರಿಯೆನಿಸಲಿಲ್ಲ. “ಮೇಲೆ ನೋಡಮ್ಮಾ! ಆ ಆ-ವಾಂಗ್ ದಿನಾ ಝಾರಿಗಟ್ಟಲೆ ಸುರೀತಾನೆ. ಅಲ್ಲಿ ಮೀನೇ ಸಾಕಿರ್ಬೇಕು!”

ಏಣಿ ಬಂತು. ಆ-ವಾಂಗ್ ಒಳಗೆ ಕಿಟಕಿಯ ಪರದೆಯ ಹಿಂದೆ ನಿಂತು ಹಳ್ಳಿಯ ದೇವರಿಂದ ಹಿಡಿದು ಸಮುದ್ರದ ತಾಯಿಯವರೆಗೆ ಎಲ್ಲರನ್ನೂ ನೆನೆದ. ಹೌ ಏಣಿ ಹತ್ತಿದಳು, ಜಾಲರಿಯೊಳಗೆ ಸೌಟು ತೂರಿಸಿ ತಟ್ಟೆಯನ್ನು ಗೀರಿದಳು. ಕರಕರ ಸದ್ದು. ಮರಳು ಕೆದಕಿದಳು. ಧೂಳು ಎದ್ದು ಸೀನು ಬಂತು. ಹೂವಿನ ಕಡೆ ಅವಳು ಕಣ್ಣೆತ್ತಿಯೂ ನೋಡಲಿಲ್ಲ. ಸೊಳ್ಳೆ ತನಿಖೆಯವರ ಕಣ್ಣೇ ಹಾಗೆ. ಅರಮನೆ ತೋರಿಸಿದರೂ ಬಚ್ಚಲು ಎಲ್ಲಿ ಎಂದು ಕೇಳುತ್ತಾರೆ.

“ದಿನಾ ನೀರು ಹಾಕ್ತಾರೆ ಅಂದ್ರಲ್ಲಾ?” ಅಂದಳು ಏಣಿಯ ಮೇಲಿಂದ.

“ದಿನಾ! ನನ್ನ ಈ ಎರಡು ಕಣ್ಣಲ್ಲಿ ನೋಡಿದ್ದೀನಿ!” ಅಂದಳು ಅಜ್ಜಿ.

“ನಾನೂ ನೋಡಿದ್ದೀನಿ,” ಅಂದರು ಎಡಗಡೆಯವರು. “ಬೆವರು ಸುರಿಸ್ಕೊಂಡು ಹಾಕ್ತಾರೆ,” ಅಂದರು ಬಲಗಡೆಯವರು.

ಹೌ ಕೆಳಗಿಳಿದವಳ ಮುಖದಲ್ಲಿ ಭಕ್ತಿ ತುಂಬಿತ್ತು. “ದಿನಾ ಅಷ್ಟು ನೀರು. ತಟ್ಟೇಲಿ ಒಂದು ಹನಿ ಇಲ್ಲ. ಗಿಡ ತುಂಬಾ ಹೂ. ನನ್ನ ಇಷ್ಟು ದಿನದ ಕೆಲಸದಲ್ಲಿ ಇಂಥಾದ್ದು ನೋಡಿಲ್ಲ.”

ಅಜ್ಜಿ ತೋಡಿದ ಗುಂಡಿಯಿಂದ ಆ-ವಾಂಗ್ ಕಿರೀಟ ಹಾಕಿಕೊಂಡು ಮೇಲೆ ಬಂದ. ಸಂಜೆ ಕಂಬದ ಮೇಲಿಂದ ಕಾಂಗನ ದನಿ ಮೊಳಗಿತು: “ವಾರ್ಡಿನ ಬಂಧುಗಳೇ! ನಮ್ಮ ಆ-ವಾಂಗ್ ಅವರು ಕಂಡುಹಿಡಿದಿರೋ ಒಣ ನೀರಾವರಿ ಪದ್ಧತಿಯನ್ನ ಭಾನುವಾರ ಸಮುದಾಯ ಭವನದಲ್ಲಿ ಅವರೇ ಮಾಡಿ ತೋರಿಸ್ತಾರೆ. ಆರೋಗ್ಯ ಇಲಾಖೆಯ ದೊಡ್ಡ ಸಾಹೇಬರು ಬರ್ತಾರೆ. ಎಲ್ಲರೂ ನಿಮ್ಮ ನಿಮ್ಮ ತಟ್ಟೆ ತನ್ನಿ! ಊಟದ್ದಲ್ಲ, ಕುಂಡದ್ದು!”

ಆ-ವಾಂಗ್ ನನ್ನ ಅಂಗಡಿಯಲ್ಲಿ ಗಂಜಿ ಕುಡಿಯುತ್ತಿದ್ದವನು ಚಮಚ ಬಿಟ್ಟ. ಮನೆಗೆ ಓಡಿದ.

“ಈಗಲೇ ಹೋಗಿ ನಿಜ ಹೇಳಿಬಿಡು,” ಅಂದಳು ಪಿಕ್-ಹಾ.

“ನಾನು ಸುಳ್ಳು ಯಾವಾಗ ಹೇಳ್ದೆ? ಖಾಲಿ ಝಾರಿ ಬಗ್ಗಿಸ್ದೆ, ಅಷ್ಟೆ. ನೀರಿದೆ ಅಂತ ಯಾರಿಗೂ ಹೇಳಿಲ್ಲ.”

“ಸುರ್ರ್ ಅಂದೋನು ಯಾರು?”

ನಾಳೆ ಹೇಳುತ್ತೇನೆ ಅಂದ. ನಾಳೆಯೂ ನಾಳೆ ಅಂದ. ಹಾಗೆಯೇ ಭಾನುವಾರವಾಯಿತು. ಗಿಡ ಇಳಿಸಲು ಕಾಂಗ್ ಇಬ್ಬರು ಗಟ್ಟಿಯಾಳುಗಳನ್ನು ಕಳಿಸಿದ. ಮರಳಿನ ಕುಂಡವನ್ನು ಎತ್ತಿದಾಗ ಅವರು ಉಬ್ಬಸಪಟ್ಟರು. ಗಿಡ ಮಾತ್ರ ಗಾಳಿಗೆ ಬುಡಸಮೇತ ತೂಗಿತು.

“ಗಿಡದಲ್ಲಿ ತೂಕವೇ ಇಲ್ಲವಲ್ಲಣ್ಣಾ?” ಅಂದ ಒಬ್ಬ.

“ಒಣ ಪದ್ಧತಿ,” ಅಂದ ಆ-ವಾಂಗ್. “ಕೊಬ್ಬು ಬೆಳೆಯಲ್ಲ.”

ಭವನ ಕಿಕ್ಕಿರಿದಿತ್ತು. ಎಲ್ಲರ ಮಡಿಲಲ್ಲೂ ಕುಂಡದ ತಟ್ಟೆ. ಮುಂದಿನ ಸಾಲಿನಲ್ಲಿ ದೊಡ್ಡ ಸಾಹೇಬರು, ಬಿಳಿ ಅಂಗಿ, ಗಂಭೀರ ಮುಖ. ಪಕ್ಕದಲ್ಲಿ ಹೌ. ಎದುರಿಗೇ ಲಾಯ್ ಅಜ್ಜಿ, ಎರಡು ಜೊತೆ ಕನ್ನಡಕ ತಂದಿದ್ದಳು, ಹತ್ತಿರದ್ದೊಂದು, ದೂರದ್ದೊಂದು. ಆ-ವಾಂಗ್ ತನ್ನ ಖಾಲಿ ಝಾರಿಯನ್ನು ಹಿಡಿದು ವೇದಿಕೆ ಹತ್ತಿದ. ಕಾಂಗ್ ಅದನ್ನು ಅವನ ಕೈಯಿಂದ ಕಸಿದುಕೊಂಡ.

“ಅಯ್ಯೋ, ಖಾಲಿ ತಂದಿದ್ದೀರಲ್ಲಾ! ಮರೆವು ಜಾಸ್ತಿ ಇವರಿಗೆ. ದೊಡ್ಡವರ ಲಕ್ಷಣ.” ಎಂದು ತುಂಬಿದ ಝಾರಿಯನ್ನು ಅವನ ಕೈಗಿಟ್ಟ. “ಸುರೀರಿ!”

ಸುರಿಯದೆ ದಾರಿಯಿರಲಿಲ್ಲ. ಸುರಿದ. ತುಂಬಿದ ಝಾರಿಯ ಭಾರ ಅಂದಾಜಾಗದೆ ನೀರು ಬುಡಕ್ಕೆ ಬೀಳುವ ಬದಲು ಗಿಡದ ನೆತ್ತಿಯ ಮೇಲೆ ಬಿತ್ತು. ಮಳೆಗೆ ಹೆದರದ ಕೊಡೆಯ ಬಟ್ಟೆ ತನ್ನ ಧರ್ಮ ಬಿಡಲಿಲ್ಲ. ನೀರೆಲ್ಲ ಮುತ್ತಾಗಿ ಎಸಳಿಂದ ಎಸಳಿಗೆ ಜಿಗಿದು, ಎಲೆಗಳಿಂದ ಹಾರಿ, ಮುಂದಿನ ಸಾಲಿನ ಮೇಲೆ ಸಿಡಿಯಿತು. ಸಾಹೇಬರ ಅಂಗಿ ನೆನೆಯಿತು. ಗಿಡ ಮಾತ್ರ ಒದ್ದೆಯಾಗದೆ ನಿಂತಿತ್ತು.

“ನೋಡಿದ್ರಾ!” ಕಾಂಗ್ ಕೂಗಿದ. “ಒಂದು ಹನಿ! ಒಂದೇ ಒಂದು ಹನಿ ನಿಂತ್ಕೊಳ್ಳಲಿಲ್ಲ! ಚಪ್ಪಾಳೆ!”

ಚಪ್ಪಾಳೆಯ ಸದ್ದಿನಲ್ಲಿ ಭವನ ಅದುರಿತು. ಆ-ವಾಂಗ್ ಬದುಕಿಬಿಡುತ್ತಿದ್ದ. ಆದರೆ ಲಾಯ್ ಅಜ್ಜಿ ಹತ್ತಿರದ ಕನ್ನಡಕ ಏರಿಸಿಕೊಂಡು ವೇದಿಕೆಯ ಮೇಲೆ ಬಂದಿದ್ದಳು.

“ಇದ್ಯಾವ ಜಾತಿ ಕಾಗದದ ಹೂವೋ? ಕಾಂಡದಲ್ಲಿ ಗಂಟು ಬಂದಿದೆಯಲ್ಲಾ. ರೋಗವೇನೋ,” ಎಂದು ಗಂಟನ್ನು ಹೆಬ್ಬೆರಳಲ್ಲಿ ಒತ್ತಿದಳು.

“ಬೇಡಜ್ಜೀ!” ಎಂದು ಆ-ವಾಂಗ್ ಕಿರುಚಿದ.

ಅದು ಗಂಟಲ್ಲ, ಕೊಡೆ ಬಿಚ್ಚುವ ಗುಂಡಿ. ಕಾಂಡಕ್ಕೆಂದು ಅವನು ಆರಿಸಿದ್ದು ತಾನೇ ಬಿಚ್ಚಿಕೊಳ್ಳುವ ಜಾತಿಯ ಕೊಡೆಯ ಕೋಲು. ಸಾಗಿಸುವಾಗ ಕೊಂಬೆ ಮುರಿಯದಿರಲೆಂದು ಬೆಳಿಗ್ಗೆ ಅರ್ಧ ಮಡಿಸಿಟ್ಟಿದ್ದ. ಈಗ ‘ಫಟ್!’ ಎಂದಿತು. ಕೊಂಬೆಗಳೆಲ್ಲ ಒಂದೇ ಏಟಿಗೆ ಸುತ್ತಲೂ ಚಾಚಿಕೊಂಡವು. ಗಿಡ ಇಮ್ಮಡಿಯಾಯಿತು. ಒಂದು ಕೊಂಬೆ ಕಾಂಗನ ಟೋಪಿ ಹಾರಿಸಿತು, ಇನ್ನೊಂದು ಸಾಹೇಬರ ಮೂಗಿನ ಮುಂದೆ ಗೊಂಚಲು ಹಿಡಿದು ನಿಂತಿತು. ಅಜ್ಜಿ ಹೂವಿನ ಕೆಳಗೆ, ಕೊಡೆ ಹಿಡಿದವಳಂತೆ ನಿಂತಿದ್ದಳು.

ಒಂದು ಎಲೆ ಅಜ್ಜಿಯ ಕೈಗೆ ಬಂದಿತ್ತು. ಅವಳು ಅದನ್ನು ತಿರುಗಿಸಿದಳು, ಹೊಲಿಗೆ ನೋಡಿದಳು, ದಾರ ಎಳೆದಳು.

“ಇದು ಬಟ್ಟೆ.”

“ಹೌದಜ್ಜಿ,” ಅಂದ ಆ-ವಾಂಗ್. ಝಾರಿ ಕೆಳಗಿಟ್ಟು ಭವನಕ್ಕೆಲ್ಲ ಕೇಳುವಂತೆ ಹೇಳಿದ. “ನಾನೇ ಹೊಲಿದದ್ದು. ನನ್ನ ಕೈಲಿ ಗಿಡ ಬದುಕಲ್ಲ. ಅದಕ್ಕೆ ಸಾಯದೇ ಇರೋದು ಒಂದು ಮಾಡ್ದೆ. ಝಾರೀಲಿ ನೀರಿರಲಿಲ್ಲ.”

“ಮತ್ತೆ ಬೈಯೋದು?”

“ಅದೂ ಸುಮ್ನೆ.”

“ಅಯ್ಯೋ ನಿನ್ನ ಮನೆ ಹಾಳಾಗ! ಒಂದು ತಿಂಗಳು ನನ್ನ ಆರ್ಕಿಡ್‌ಗೆ ಬಾಯಿಗೆ ಬಂದ ಹಾಗೆ ಬೈದಿದ್ದೀನಲ್ಲೋ! ಅವಕ್ಕೆ ನಾನೀಗ ಯಾವ ಮುಖ ಇಟ್ಕೊಂಡು ನೀರು ಹಾಕಲಿ?” ಎಂದು ಅಜ್ಜಿ ಕುಂಡದ ತಟ್ಟೆಯನ್ನೇ ಎತ್ತಿಕೊಂಡಳು. ಆ-ವಾಂಗ್ ಗಿಡದ ಹಿಂದೆ ಸರಿದ. ಅಜ್ಜಿ ಸುತ್ತು ಹಾಕಿದಳು. ಅವನೂ ಸುತ್ತಿದ. ಕಾಂಗ್ ಧ್ವನಿವರ್ಧಕ ಹಿಡಿದು, “ಬಂಧುಗಳೇ, ಇದು ಪ್ರಾತ್ಯಕ್ಷಿಕೆಯ ಎರಡನೇ ಭಾಗ” ಅನ್ನುತ್ತಿದ್ದ. ಅವನಿಗೆ ಬೇರೇನೂ ಹೊಳೆಯಲಿಲ್ಲ.

ಅಷ್ಟರಲ್ಲಿ ಸಾಹೇಬರು ಮೂಗಿನ ಮುಂದಿನ ಗೊಂಚಲನ್ನು ಬೆರಳಿಂದ ಸರಿಸಿ ಎದ್ದು ನಿಂತರು.

“ಈ ಗಿಡದಲ್ಲಿ ಎಲ್ಲಾದ್ರೂ ನೀರು ನಿಲ್ಲುತ್ತೇನ್ರೀ?”

“ಇಲ್ಲ ಸಾರ್.”

“ಸೊಳ್ಳೆ ಮೊಟ್ಟೆ ಇಡುತ್ತಾ?”

“ಕೊಡೇಲಿ ಸೊಳ್ಳೆ ಮೊಟ್ಟೆ ಇಟ್ರೆ ನಮ್ಮ ಕಾರ್ಖಾನೆ ಮರ್ಯಾದೆ ಏನಾಗ್ಬೇಕು ಸಾರ್?” ಅಂದ ಆ-ವಾಂಗ್. ಹೆದರಿಕೆಯ ನಡುವೆಯೂ ಹಳೇ ಕಾರ್ಖಾನೆಯ ಅಭಿಮಾನ ಎದ್ದು ನಿಂತಿತ್ತು.

ಸಾಹೇಬರು ಜನರತ್ತ ತಿರುಗಿದರು. “ಊರೆಲ್ಲ ತಿರುಗಿ ತಟ್ಟೆ ಒಣಗಿಸ್ರೀ ಅಂತ ಬೇಡ್ಕೊಂಡಿದ್ದೀನಿ. ಯಾರೂ ಕೇಳಲ್ಲ, ಹೂ ಬೇಕು ಅಂತಾರೆ. ಹೂವೂ ಇದ್ದು ಸೊಳ್ಳೇನೂ ಇಲ್ಲದ ಬಾಲ್ಕನಿ ಇದೊಂದೇ ಸಿಕ್ಕಿದ್ದು. ಅದನ್ನ ಬೆಳೆದ್ರೋ ಹೊಲಿದ್ರೋ, ನನಗೇನ್ರೀ?” ಒದ್ದೆ ಅಂಗಿಯನ್ನು ಕೊಡವಿಕೊಂಡು ಸೇರಿಸಿದರು: “ನನ್ನ ಹೆಂಡತಿ ಕೈಲೂ ಗಿಡ ಉಳಿಯಲ್ಲ. ಒಂದು ಹೊಲಿದು ಕೊಡ್ತೀರಾ?”

ಈ ಸಲದ ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿತ್ತು. ಚಪ್ಪಾಳೆ ನಿಂತ ಮೇಲೂ ಲಾಯ್ ಅಜ್ಜಿ ತಟ್ಟೆ ಕೆಳಗಿಡಲಿಲ್ಲ. ಆ ಎಲೆಯನ್ನೇ ನೋಡುತ್ತಿದ್ದಳು.

“ಈ ಹುಳ ತಿಂದ ಅಂಚೂ ನೀನೇ ಮಾಡಿದ್ದಾ?”

“ಹ್ಞೂಂ ಅಜ್ಜಿ.”

“ನಂಗೊಂದು ಆರ್ಕಿಡ್ ಹೊಲಿದು ಕೊಡು. ಅಂಗಡೀಲಿ ಸಿಗೋ ಪ್ಲಾಸ್ಟಿಕ್ ಥರ ಇರಬಾರದು. ಹೂವಿನ ತುಟಿ ಎಸಳ ಮೇಲೆ ಎಡಗಡೆ ಒಂದು ಮಚ್ಚೆ ಇರ್ಬೇಕು. ಬಲಗಡೆ ಹಾಕಿದ್ಯೋ, ಈ ತಟ್ಟೆ ನಿನ್ನ ತಲೆ ಮೇಲೆ.”

ಅಜ್ಜಿಯ ಜೀವಂತ ಆರ್ಕಿಡ್‌ಗಳು ತಟ್ಟೆ ಬಿಟ್ಟು ಒಳಗಿನ ಕೋಣೆಯಲ್ಲಿ ನೇತಾಡತೊಡಗಿದವು. ಅಲ್ಲಿ ಅಜ್ಜಿ ಅವುಗಳ ಕ್ಷಮೆ ಕೇಳುವುದು ಓಣಿಗೆ ಕೇಳಿಸುತ್ತಿತ್ತು. ಸೊಳ್ಳೆಗಾಲಕ್ಕೆ ಹೊರಗೆಲ್ಲ ಕೊಡೆಯ ಕೋಲಿಗೆ ಹೊಲಿದ ಬಟ್ಟೆಯ ತೋಟ. ಬೆಳಗಿನ ಗಂಜಿ ಮುಗಿದ ಮೇಲೆ ನನ್ನ ಅಂಗಡಿಯ ಮೇಜುಗಳೇ ಹೊಲಿಗೆಯ ಶಾಲೆ. ಆ-ವಾಂಗ್ ಗುರು. ಅವನ ಕೈಯಲ್ಲಿ ಒಂದು ಗಿಡವೂ ಉಳಿಯಲಿಲ್ಲ ನಿಜ, ಆದರೆ ಒಬ್ಬ ಶಿಷ್ಯನೂ ಬಾಡಲಿಲ್ಲ. ಕಾಂಗ್ ತನಗೆಂದು ಸೂರ್ಯಕಾಂತಿ ಹೊಲಿದ. ಅದು ಆಮ್ಲೆಟ್ಟಿನಂತೆ ಬಂತು, ಅವನೇ ಅದನ್ನು ಧ್ವನಿವರ್ಧಕದ ಕಂಬಕ್ಕೆ ಕಟ್ಟಿದ. ಹೌ ಮರಳಿ ಬಂದು ಸೌಟು ಆಡಿಸಿದಳು. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಕರಕರ ಸದ್ದು ಬಿಟ್ಟು ಬೇರೇನೂ ಸಿಗಲಿಲ್ಲ. ಲಾರಿ ಬರಲಿಲ್ಲ, ಹೊಗೆಯೂ ಬರಲಿಲ್ಲ. ಹೌ ಹೋಗುವಾಗ ಸ್ಕೂಟರಿಗೆ ಒಂದು ಬಟ್ಟೆಯ ಜರೀಗಿಡ ಕಟ್ಟಿಕೊಂಡು ಹೋದಳು.

ಶರತ್ಕಾಲದ ಹುಣ್ಣಿಮೆ ಹಬ್ಬಕ್ಕೆ ಮುಂಚೆ ದೊಡ್ಡ ಚಂಡಮಾರುತ ಬಂತು. ಹಿಂದಿನ ಸಂಜೆ ಕಾಂಗ್ ಕೂಗಿದ: “ಬಂಧುಗಳೇ, ಕಿಟಕಿ ಮುಚ್ಚಿ, ನೀರು ತುಂಬಿಸ್ಕೊಳ್ಳಿ, ಗಿಡ ಮಡಿಸ್ಕೊಳ್ಳಿ!” ಮಡಿಸಿಕೊಂಡೆವು. ಗಾಳಿ ಒಂದು ರಾತ್ರಿ ಒಂದು ಹಗಲು ಊರನ್ನು ಹಿಡಿದು ಅಲ್ಲಾಡಿಸಿತು.

ನಿಂತ ಮೇಲೆ ಹೊರಗೆ ಬಂದು ನೋಡಿದರೆ ಪಕ್ಕದ ಓಣಿಗಳಲ್ಲಿ ಒಂದು ಎಲೆ ಉಳಿದಿರಲಿಲ್ಲ. ಬೇಲಿ ಬಿದ್ದಿತ್ತು, ಮರಗಳು ಬೋಳಾಗಿದ್ದವು, ಇಡೀ ಪೇಟೆ ಕೆಸರಿನ ಬಣ್ಣ. ಅಲ್ಲಿಯ ಜನ ಪೊರಕೆ ಹಿಡಿದು ನಮ್ಮ ಓಣಿಯ ಬಾಯಲ್ಲಿ ನಿಂತಿದ್ದರು. ನಮ್ಮವರೂ ಬಾಗಿಲು ತೆರೆದು ಬಂದರು, ಕೈಯಲ್ಲಿ ಮಡಿಸಿದ ಗಿಡ ಹಿಡಿದು. ಆದರೆ ಯಾರೂ ಬಿಚ್ಚಲಿಲ್ಲ. ಎಲ್ಲರೂ ಮೇಲೆ ನೋಡುತ್ತಿದ್ದರು.

“ಏ ಆ-ವಾಂಗ್!” ಲಾಯ್ ಅಜ್ಜಿ ಕೂಗಿದಳು. “ಗುರು ಬಿಚ್ಚದೇ ಶಿಷ್ಯರು ಬಿಚ್ಚೋದು ಹೇಗೋ? ಬೇಗ ಬಾ, ಕೈ ನೋಯ್ತಿದೆ!”

ಆ-ವಾಂಗ್ ಬಾಲ್ಕನಿಗೆ ಬಂದ. ಮೈಮೇಲೆ ಇಸ್ತ್ರಿಯಾದ ಅಂಗಿ. ಓಣಿಯನ್ನು ಒಮ್ಮೆ ನೋಡಿದ, ಗುಂಡಿ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ತೇವಕ್ಕೆ ಕೋಲು ಬಿಗಿದುಕೊಂಡಿತ್ತು. ಅವನ ಮುಖ ಇಳಿಯಿತು. ಆಗ ಪಿಕ್-ಹಾ ಒಳಗಿಂದ ಬಂದು, ಗಂಡನನ್ನು ಪಕ್ಕಕ್ಕೆ ಸರಿಸಿ, ಕಾಲಿನ ಚಪ್ಪಲಿ ತೆಗೆದು ಕಾಂಡಕ್ಕೆ ಒಂದು ಬಿಟ್ಟಳು.

ಫಟ್!

ಕೆಸರುಬಣ್ಣದ ಊರಿನ ನಡುವೆ ಗುಲಾಬಿ ಬಣ್ಣ ಸಿಡಿಯಿತು. ಪಿಕ್-ಹಾ ಚಪ್ಪಲಿ ಹಾಕಿಕೊಂಡು, “ಚೆನ್ನಾಗಿ ಹೊಲಿದಿದ್ದೀಯ ಕಣಯ್ಯಾ” ಅಂದಳು. ಮದುವೆಯಾದಾಗಿನಿಂದ ಅವಳು ಅವನಿಗೆ ಹಾಗಂದದ್ದು ಯಾರೂ ಕೇಳಿರಲಿಲ್ಲ. ಆ-ವಾಂಗ್ ಕಣ್ಣೊರೆಸಿಕೊಂಡ. ಕೆಳಗೆ ಶುರುವಾಯಿತು: ಫಟ್, ಫಟ್, ಫಟ್. ಗುಲಾಬಿ, ದಾಸವಾಳ, ಮೆಣಸು, ಎಡಗಡೆ ಮಚ್ಚೆಯ ಆರ್ಕಿಡ್. ಓಣಿ ಈ ತುದಿಯಿಂದ ಆ ತುದಿಗೆ ಬಿಚ್ಚಿಕೊಳ್ಳುತ್ತ ಹೋಯಿತು. ಪಕ್ಕದ ಓಣಿಯವರು ಪೊರಕೆ ಕೆಳಗಿಟ್ಟು ಬಾಯಿ ತೆರೆದು ನಿಂತರು. ಕಂಬದ ಮೇಲೆ ಕಾಂಗನ ಗಂಟಲು ಉಬ್ಬಿತ್ತು:

“ಬಂಧುಗಳೇ! ನಮ್ಮ ಓಣಿಯಲ್ಲಿ ವಸಂತ ಬಿಚ್ಕೊಳ್ತಾ ಇದೆ. ಹತ್ತಿರ ನಿಂತಿರೋರು ದಯವಿಟ್ಟು ಕಣ್ಣು ಜೋಪಾನ!”